ಕಲ್ಲಿನ ಬಿಳಿ ಮಗ್ಗುಲು

ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದರು: ಮನೆಯಿಲ್ಲದ ಮಾಜಿ ಸೈನಿಕರಿಗೆ ನೆರವಿನ ಶಿಬಿರ, ಒಂದೇ ದಿನ, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ. ಕ್ಷೌರ ಉಚಿತ, ಬೂಟು ಉಚಿತ, ಪಿಂಚಣಿ ಕಾಗದ ಸರಿಮಾಡಿಸಿ ಕೊಡುವುದು ಉಚಿತ, ಮದ್ದು ಉಚಿತ. ಪುಕ್ಕಟೆ ಮದ್ದನ್ನು ನಾನು ಇಪ್ಪತ್ತೆರಡು ವರ್ಷ ನೆಲದಿಂದ ಅಗೆದು ತೆಗೆದವನು. ಅದರ ಮೇಲೆ ಕಾಲಿಟ್ಟವರು ಏನಾದರು ಎಂಬುದನ್ನೂ ಕಂಡವನು. ಕರಪತ್ರವನ್ನು ನಾಲ್ಕಾಗಿ ಮಡಚಿ, ಅಲ್ಲಾಡುತ್ತಿದ್ದ ಬೆಂಚಿನ ಕಾಲಡಿಗೆ ಕೊಟ್ಟೆ.

ನಾವಿದ್ದದ್ದು ಮುಚ್ಚಿಹೋದ ಬಸ್ ಡಿಪೋದ ಟಿಕೆಟ್ ಕೋಣೆಯಲ್ಲಿ. ನಾವು ಎಂದರೆ ನಾನು ಮತ್ತು ಗೂಟ. ಸೈನ್ಯದಲ್ಲಿ ನಮ್ಮದು ನೆಲಬಾಂಬು ತೆಗೆಯುವ ತುಕಡಿ. ನಾನು ಮುಂದೆ ನೆಲ ಚುಚ್ಚಿ ನೋಡುತ್ತ ಹೋಗುವವನು. ಅವನು ನನ್ನ ಹೆಜ್ಜೆಯ ಮೇಲೇ ಹೆಜ್ಜೆಯಿಟ್ಟು ಬಂದು ಅಕ್ಕಪಕ್ಕ ಗುರುತು ನೆಡುವವನು, ಅದಕ್ಕೇ ಆ ಹೆಸರು. ಮೂರನೆಯವನೊಬ್ಬನಿದ್ದ, ಹಾಡುಗಾರ. ಖಾಲಿ ಮನೆಯೊಂದರ ಕಿಟಕಿಯಲ್ಲಿ ಯಾರೋ ಬಿಟ್ಟುಹೋದ ರೇಡಿಯೋ ಕಂಡು, ಪಾಪ, ಆಸೆಪಟ್ಟು ಕೈಹಾಕಿದ. ಅವತ್ತಿನಿಂದ ನನ್ನದೊಂದೇ ಕಾನೂನು: ಸುಲಭವಾಗಿ ಕೈಗೆಟಕುವುದನ್ನು ಮುಟ್ಟಬಾರದು.

ಈ ಕಾನೂನು ಊರಲ್ಲಿ ನಡೆಯಲಿಲ್ಲ. ಹೆಂಡತಿ ಕೊಟ್ಟ ಉಡುಗೊರೆಯನ್ನು ಅಂಗಳದಲ್ಲಿಟ್ಟು ಉದ್ದ ಕೋಲಿನಿಂದ ಬಿಚ್ಚುವ ಗಂಡನ ಜೊತೆ ಯಾರು ತಾನೇ ಬಾಳುತ್ತಾರೆ? ಅವಳು ತವರಿಗೆ ಹೋದಳು. ಆಮೇಲೆ ಕಾವಲುಗಾರನ ಕೆಲಸ ಸಿಕ್ಕಿತು. ಮಾಲೀಕನಿಗೆ ಬಂದ ಪಾರ್ಸೆಲನ್ನು ಚರಂಡಿಗೆ ಹಾಕಿ ಅವನ ಜೀವ ಉಳಿಸಿದೆ ಎಂದುಕೊಂಡಿದ್ದೆ. ಅದರಲ್ಲಿ ಅವನ ಕನ್ನಡಕವಿತ್ತಂತೆ. ಹೀಗೆ ಒಂದೊಂದೇ ಮೆಟ್ಟಿಲು ಇಳಿದು ಟಿಕೆಟ್ ಕೋಣೆಗೆ ಬಂದೆ. ಗೂಟ ಅಕ್ಕನ ಮನೆಯಲ್ಲಿದ್ದವನು, ಎರಡು ದಿನ ನೋಡಿಕೊಂಡು ಹೋಗುತ್ತೇನೆಂದು ಬಂದು ನಾಲ್ಕು ವರ್ಷದಿಂದ ಇಲ್ಲೇ ಬೇರುಬಿಟ್ಟಿದ್ದ. ನಾನಿಲ್ಲದೆ ಒಂದು ರಸ್ತೆ ದಾಟಲೂ ಬಾರದವನು, ಎಲ್ಲಿಗೆ ಹೋಗುತ್ತಾನೆ ಎಂದು ನಾನೂ ಸುಮ್ಮನಿದ್ದೆ.

ಅವನ ಎಡಗಾಲಿನ ಹೆಬ್ಬೆರಳು ಕಪ್ಪಾಗುತ್ತ ಬಂದಿತ್ತು. ಸಕ್ಕರೆ ಕಾಯಿಲೆ. ಹೋದ ವಾರ ಒಬ್ಬ ನರ್ಸ್ ಚೀಲ ತೂಗುಹಾಕಿಕೊಂಡು ಡಿಪೋಗೆ ಬಂದು, ಕಾಲು ನೋಡಿ, ಇನ್ನು ತಡಮಾಡಿದರೆ ಬೆರಳಲ್ಲ, ಕಾಲೇ ಹೋಗುತ್ತದೆ ಎಂದಳು. ಶಿಬಿರದ ದಿನ ನಾಲ್ಕು ಗಂಟೆಗೆ ಆಸ್ಪತ್ರೆಯ ವ್ಯಾನ್ ಹೊರಡುತ್ತದೆ, ಅದರಲ್ಲಿ ಹೋದರೆ ಅಂದೇ ದಾಖಲು ಮಾಡಿಕೊಳ್ಳುತ್ತಾರೆ, ಆಮೇಲೆ ಮಾಜಿ ಸೈನಿಕರ ಹಾಸ್ಟೆಲಿನಲ್ಲಿ ಜಾಗವೂ ಸಿಗುತ್ತದೆ ಎಂದೂ ಹೇಳಿದಳು. ನಮ್ಮ ವಿಳಾಸ ಯಾರು ಕೊಟ್ಟರು ಎಂದು ಕೇಳಿದೆ. ಅವಳು ಗೂಟನ ಮುಖ ನೋಡಿದಳು, ಗೂಟ ಗೋಡೆ ನೋಡಿದ. ಡಿಪೋ ಜಾಗದ ಮೇಲೆ ಯಾರಿಗೋ ಕಣ್ಣಿದೆ, ನಮ್ಮನ್ನು ಎಬ್ಬಿಸಲು ಮೂಗಿಗೆ ತುಪ್ಪ ಸವರುತ್ತಿದ್ದಾರೆ ಎಂದು ನನಗೆ ಆಗಲೇ ಖಾತ್ರಿಯಾಯಿತು. ಅವಳನ್ನು ಕಳಿಸಿಬಿಟ್ಟೆ. ಗೂಟ ಎರಡು ಸಲ, ಹೋಗೋಣ ಅಣ್ಣ ಎಂದ. ಎರಡು ಸಲವೂ ಬೇಡವೆಂದೆ. ಆಮೇಲೆ ಅವನು ಆ ಮಾತೇ ಎತ್ತಲಿಲ್ಲ.

ಮಾತು ಎತ್ತದಿದ್ದದ್ದೇ ನನಗೆ ಸರಿಕಾಣಲಿಲ್ಲ. ಶಿಬಿರಕ್ಕೆ ಒಂದು ದಿನ ಮೊದಲು ಮಧ್ಯಾಹ್ನ ನೀರು ತರುತ್ತೇನೆಂದು ಹೋದವನು ಸಂಜೆ ಬಂದ, ಕುಂಟುವುದು ದುಪ್ಪಟ್ಟಾಗಿತ್ತು. ಉಗುರುಗಳ ಸಂದಿಯಲ್ಲಿ ಕೆಂಪು. ಗಾಯ ಒಡೆಯಿತು, ಒರೆಸಿಕೊಂಡೆ ಎಂದ. ರಕ್ತ ಒಣಗಿದರೆ ಕಂದಾಗುತ್ತದೆ ಎಂದು ತಿಳಿಯದಷ್ಟು ಎಳೆಮಗುವೇ ನಾನು? ಇದು ಕೆಂಪಾಗಿಯೇ ಇತ್ತು. ನನ್ನ ಹಿಂದೆ ನಡೆಯುವವನು ನನಗೇ ಸುಳ್ಳು ಹೇಳಿದ್ದು ಅದೇ ಮೊದಲು. ಮದ್ದಿಗೂ ಮದ್ದುಂಟು, ಅನುಮಾನಕ್ಕೆ ಮದ್ದಿಲ್ಲ.

ಶಿಬಿರದ ದಿನ ಅವನಿಗೆ ಜ್ವರ ಬಂತು. ಮಧ್ಯಾಹ್ನ ಎರಡರ ಹೊತ್ತಿಗೆ ಪಾದ ಬೂಟಿನೊಳಗೆ ಹೋಗದಷ್ಟು ಊದಿತು, ವಾಸನೆಯೂ ಶುರುವಾಯಿತು. ಆ ವಾಸನೆ ನನಗೆ ಗೊತ್ತು. ಹೆದರಿಕೆಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ನಾನು ಮೊದಲು ಹೋಗಿ ನೋಡಿಬರುತ್ತೇನೆ, ನಾನು ಹೇಳುವವರೆಗೆ ಕದಲಬೇಡ ಎಂದೆ.

"ಹೋಗಿ ಬಾ ಅಣ್ಣ. ನೆಲ ನೋಡ್ಕೊಂಡು ನಡಿ" ಎಂದ.

ಕೆಲಸಕ್ಕಿಳಿಯುವ ಮುಂಚೆ ನಾವು ಒಬ್ಬರಿಗೊಬ್ಬರು ಹೇಳುತ್ತಿದ್ದ ಮಾತು ಅದು. ಎಷ್ಟೋ ವರ್ಷದಿಂದ ಅವನ ಬಾಯಲ್ಲಿ ಬಂದಿರಲಿಲ್ಲ. ಇದೇನು ಹೊಸ ನಾಟಕ ಎಂದುಕೊಂಡೇ ಹೊರಟೆ.

ಶಿಬಿರ ನಡೆದದ್ದು ರಸ್ತೆಯಾಚೆಯ ಶಾಲೆಯ ಆಟದ ಮೈದಾನದಲ್ಲಿ. ಗೇಟಿನಿಂದ ಹೋಗಲಿಲ್ಲ, ಗೇಟು ಇರುವುದೇ ಹಿಡಿಯಲಿಕ್ಕೆ. ಕಾಂಪೌಂಡ್ ಗೋಡೆ ಬಿದ್ದಿದ್ದ ಕಡೆ ನಿಂತು ನೋಡಿದೆ. ಮೂರು ವ್ಯಾನ್. ಮೂಲೆಯಲ್ಲೊಬ್ಬ ಪೊಲೀಸ್, ಕೈಯಲ್ಲಿ ಚಹಾ. ಬೂಟಿನ ಮೇಜಿನ ಹತ್ತಿರ ಒಬ್ಬ ಮುದುಕ ಎರಡೂ ಕಾಲಿಗೆ ಬಲಗಾಲಿನದೇ ಹಾಕಿಕೊಂಡು ಜಗಳವಾಡುತ್ತಿದ್ದ. ಕುರ್ಚಿ ಮೇಲೆ ಕೂತವರ ತಲೆಯನ್ನು ಕ್ಷೌರಿಕ ಹುಲ್ಲು ಕೊಯ್ದ ಹಾಗೆ ಕೊಯ್ಯುತ್ತಿದ್ದ. ಕ್ಯಾಮೆರಾ ಹಿಡಿದವನೊಬ್ಬ ಓಡಾಡುತ್ತಿದ್ದ. ಫೋಟೋ ಯಾಕೆ? ಯಾರಿಗೆ ತೋರಿಸಲು? ವಾಪಸ್ ಹೋಗಿಬಿಡೋಣ ಎಂದು ತಿರುಗುವಾಗ ಕಣ್ಣು ನೆಲಕ್ಕೆ ಬಿತ್ತು.

ಗೇಟಿನಿಂದ ನರ್ಸಿನ ಡೇರೆಯವರೆಗೆ ಎರಡು ಸಾಲು ಕಲ್ಲು. ಎರಡೆರಡು ಹೆಜ್ಜೆಗೆ ಒಂದು. ಪ್ರತಿ ಕಲ್ಲಿಗೂ ಅರ್ಧ ಕೆಂಪು, ಅರ್ಧ ಬಿಳಿ ಬಣ್ಣ. ಬಿಳಿ ಮಗ್ಗುಲು ದಾರಿಯ ಕಡೆಗೆ, ಕೆಂಪು ಹೊರಗೆ. ನೋಡುವವರಿಗೆ ಅದು ಅಲಂಕಾರ. ನಮ್ಮ ಕಸುಬಿನವನಿಗೆ ಅದು ಅಕ್ಷರ: ಬಿಳಿಯ ಕಡೆ ನೆಲ ನೋಡಿ ಆಗಿದೆ, ನಡೆ, ಕೆಂಪಿನ ಕಡೆ ಸಾವು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹೇಳಿಕೊಂಡೆ. ನಮ್ಮ ಗುರುತು ತಿಳಿದ ಯಾರೋ ನಮಗೇ ಗಾಳ ಹಾಕಿದ್ದಾರೆ.

ಆಮೇಲೆ ತಿರುವು ಕಂಡಿತು. ಅಲ್ಲಿ ಮೂರು ಕಲ್ಲು ಒಂದರ ಮೇಲೊಂದು. ಅದು ಯಾವ ಪುಸ್ತಕದಲ್ಲೂ ಇರದ ಗುರುತು, ಹಾಡುಗಾರ ಹುಟ್ಟಿಸಿದ್ದು: ಇಲ್ಲಿ ಕೂತು ಸುಧಾರಿಸಿಕೊಳ್ಳಬಹುದು, ಬೇಕಾದರೆ ಹಾಡಲೂಬಹುದು. ಅದನ್ನು ಬಲ್ಲವರು ಭೂಮಿಯ ಮೇಲೆ ಮೂವರೇ. ಒಬ್ಬ ಮಣ್ಣಾದ. ಒಬ್ಬ ಇಲ್ಲಿ ನಿಂತಿದ್ದೇನೆ. ಉಳಿದವನ ಉಗುರಿನಲ್ಲಿ ಕೆಂಪಿತ್ತು.

ನನ್ನನ್ನು ಮಾರಿಬಿಟ್ಟ ಎಂದು ಮೈಯೆಲ್ಲ ಉರಿಯಿತು. ನೇರ ಡೇರೆಗೆ ನುಗ್ಗಿದೆ. ಸಿಟ್ಟಿನಲ್ಲೂ ಕಾಲು ಕಲ್ಲಿನ ಸಾಲಿನ ಒಳಗೇ ನಡೆಯಿತು ಎಂಬುದು ಆಮೇಲೆ ತಿಳಿಯಿತು.

ಅದೇ ನರ್ಸ್ ಕೂತಿದ್ದಳು. ಅವನಿಗೆ ಏನು ಆಸೆ ತೋರಿಸಿದಿರಿ, ನಮ್ಮ ಗುರುತನ್ನು ಅವನ ಬಾಯಿಂದ ಹೇಗೆ ಹೊರಡಿಸಿದಿರಿ ಎಂದು ಕೇಳಿದೆ. ಅವಳು ಹೆದರಲಿಲ್ಲ. ಬನ್ನಿ, ನಿಮ್ಮನ್ನೇ ಕಾಯುತ್ತಿದ್ದೆ ಎಂದು ಕುರ್ಚಿ ತೋರಿಸಿದಳು. ನಾನು ಕೂರಲಿಲ್ಲ. ಕುರ್ಚಿಯ ಅಡಿ ಒಮ್ಮೆ ಬಗ್ಗಿ ನೋಡಿದೆ, ಆದರೂ ಕೂರಲಿಲ್ಲ.

ಅವನು ಹೆಸರು ಬರೆಸಿ ಮೂರು ವಾರವಾಯಿತಂತೆ. ಆಗಲೇ ಆಸ್ಪತ್ರೆಯಲ್ಲಿ ಹಾಸಿಗೆ ಸಿದ್ಧವಿತ್ತಂತೆ, ಹಾಸ್ಟೆಲಿನಲ್ಲಿ ಕೋಣೆಯೂ. ಅವನೇ ಬರಲಿಲ್ಲವಂತೆ. ಯಾಕೆ ಎಂದೆ. ಅವಳು ಫೈಲಿನಿಂದ ಅರ್ಜಿ ತೆಗೆದು ನನ್ನ ಮುಂದಿಟ್ಟಳು. ಗೂಟನದೇ ಅಕ್ಷರ, ಬೇಲಿ ಕಂಬಗಳ ಹಾಗೆ ಒಂದೊಂದೂ ಬೇರೆಬೇರೆ ನಿಂತದ್ದು. ಅವಲಂಬಿತರು ಎಂಬಲ್ಲಿ 'ಒಬ್ಬರು' ಎಂದು ಬರೆದಿದ್ದ. ಸಂಬಂಧ ಎಂಬಲ್ಲಿ 'ಅಣ್ಣ'. ಅದರ ಕೆಳಗೆ, ಕೇಳದಿದ್ದರೂ, ಒಂದು ಸಾಲು: 'ಅವರಿಗೆ ಲೋಕದ ಮೇಲೆ ನಂಬಿಕೆ ಇಲ್ಲ. ಒಬ್ಬರನ್ನೇ ಬಿಟ್ಟು ಬರಲು ಆಗುವುದಿಲ್ಲ. ಇಬ್ಬರಿಗೂ ಜಾಗ ಬೇಕು.'

ಎರಡು ಸಲ ಓದಿದೆ. ನಾಲ್ಕು ವರ್ಷ ನಾನು ಯಾರನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದೆನೋ ಅವನು ನನ್ನನ್ನು ಕಾಯುತ್ತಿದ್ದ. ಅವನ ಕಾಲು ಕೊಳೆತದ್ದು ಸಕ್ಕರೆಯಿಂದಲ್ಲ, ನನ್ನಿಂದ.

"ಕಲ್ಲು ಅವರೇ ಜೋಡಿಸಿದ್ದು" ಎಂದಳು ನರ್ಸ್. "ಆ ಕಾಲಲ್ಲಿ ಬೇಡ, ನಾವು ಇಡ್ತೀವಿ ಅಂದ್ರೆ ಕೇಳ್ಲಿಲ್ಲ. ನೆಲದ ಮೇಲೆ ಕೂತ್ಕೊಂಡೇ ಒಂದೊಂದು ಕಲ್ಲಿಗೂ ಸರಕೊಂಡು ಹೋದ್ರು. ಯಾಕೆ ಇಷ್ಟು ಕಷ್ಟ ಅಂದೆ. ಇದಿಲ್ದೆ ನಮ್ಮಣ್ಣ ಬರಲ್ಲ ಅಂದ್ರು."

ಗಡಿಯಾರ ಮೂರೂ ಇಪ್ಪತ್ತು ತೋರಿಸುತ್ತಿತ್ತು. ಈ ವಯಸ್ಸಿನಲ್ಲಿ ನಾನು ಓಡುತ್ತೇನೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಡಿಪೋದವರೆಗೂ ಓಡಿದೆ.

ಗೂಟ ಆಗಲೇ ಹೊಸ್ತಿಲ ಮೇಲೆ ಬಂದು ಕೂತಿದ್ದ. ಚೀಲ ಕಟ್ಟಿಟ್ಟಿದ್ದ, ಒಂದಲ್ಲ, ಎರಡು. ಬಯ್ಯಬೇಕೆಂದು ಬಾಯ್ತೆರೆದವನಿಗೆ ಅಳು ಬಂತು.

"ಮಾತಲ್ಲಿ ಹೇಳೋಕೆ ಏನಾಗಿತ್ತು ನಿಂಗೆ?"

"ಎರಡು ಸಲ ಹೇಳ್ದೆ ಅಣ್ಣ. ನೀನು ಮಾತು ನಂಬಲ್ಲ, ಕಲ್ಲು ನಂಬ್ತೀಯ."

ಎರಡೂ ಚೀಲ ಹೆಗಲಿಗೆ ಹಾಕಿ, ಅವನಿಗೆ ತೋಳು ಕೊಟ್ಟು ಎಬ್ಬಿಸಿ ರಸ್ತೆ ದಾಟಿಸಿದೆ. ಗೇಟಿನ ಹತ್ತಿರ ಬಂದಾಗ ಅವನು ಅಭ್ಯಾಸದಂತೆ ನಿಂತ, ನಾನು ಮುಂದೆ ಹೋಗಲಿ ಎಂದು. ಇಪ್ಪತ್ತೆರಡು ವರ್ಷ ಹಾಗೆಯೇ ನಿಂತವನು.

"ನೀನು ಮುಂದೆ ನಡಿ" ಎಂದೆ. "ನೆಲ ನೋಡಿರೋನು ನೀನು."

ಅವನು ನನ್ನ ಮುಖ ನೋಡಿದ, ಬಿಳಿ ಸಾಲಿನೊಳಗೆ ಕಾಲಿಟ್ಟ. ಹಿಂದಿನವನು ಇಪ್ಪತ್ತು ಹೆಜ್ಜೆ ದೂರವಿರಬೇಕು, ಸಿಡಿದರೆ ಇಬ್ಬರೂ ಹೋಗಬಾರದು ಎಂಬುದು ನಿಯಮ. ನಾನು ಅವನ ಸೊಂಟ ಹಿಡಿದುಕೊಂಡೇ, ಧೂಳಿನಲ್ಲಿ ಮೂಡುತ್ತಿದ್ದ ಅವನ ಸೊಟ್ಟ ಹೆಜ್ಜೆಗಳ ಮೇಲೆ ಹೆಜ್ಜೆಯಿಡುತ್ತ ಹೋದೆ. ತಿರುವಿನಲ್ಲಿ ಮೂರು ಕಲ್ಲಿನ ಪಕ್ಕ ಕೂತು ಸುಧಾರಿಸಿಕೊಂಡೆವು. ಹಾಡಬಹುದಿತ್ತು. ನಮ್ಮಿಬ್ಬರ ಕಂಠಕ್ಕೆ ಹೆದರಿ ಸುಮ್ಮನಾದೆವು.

ನರ್ಸ್ ಅವನ ಕಾಲಿಗೆ ಪಟ್ಟಿ ಸುತ್ತಿ ವ್ಯಾನಿಗೆ ಹತ್ತಿಸಿದಳು. ಎರಡು ಬೆರಳು ಹೋಗಬಹುದು, ಪಾದ ಉಳಿಯುವುದೋ ಇಲ್ಲವೋ ನಾಳೆ ಗೊತ್ತಾಗುತ್ತದೆ ಎಂದಳು. ನಾನು ವ್ಯಾನಿನ ಅಡಿಗೆ ಒಮ್ಮೆ ಬಗ್ಗಿ ನೋಡಿದೆ. ಹುಟ್ಟುಗುಣ ಸುಟ್ಟರೂ ಹೋಗದು. ಹತ್ತಲು ಹೋದಾಗ ಬಾಗಿಲಲ್ಲಿ ಹೆಸರುಗಳ ಪಟ್ಟಿ ಹಿಡಿದು ನಿಂತವನು ಕೈ ಅಡ್ಡಹಾಕಿದ. ರೋಗಿಯ ಕಡೆಯವರಿಗೆ ಮಾತ್ರ ಜಾಗ ಎಂದ, ನೀವು ಇವರಿಗೆ ಏನಾಗಬೇಕು ಎಂದು ಕೇಳಿದ.

"ಅವಲಂಬಿತ" ಎಂದೆ.

ಅವನು ಪಟ್ಟಿಯ ಮೇಲೆ ಬೆರಳಾಡಿಸಿ ಹುಡುಕಿದ. ಇತ್ತು. ಸರಿದು ದಾರಿ ಬಿಟ್ಟ.