ಬೇಡ ಅನ್ನೋಕೆ ಎಂಬತ್ತು ಲಕ್ಷ

ಮೇಯೋ ಸೀಮೆಯಲ್ಲಿ ಯಾರೇ ಸಾಯಲಿ, ಹೆಣದ ಪೆಟ್ಟಿಗೆಯ ಮುಚ್ಚಳ ಬೀಳುವುದರೊಳಗೆ ಫಿಂಟನ್ ಡೆವೆನಿ ಹಾಜರ್. ಹಣಕಾಸು ಇಲಾಖೆಯ ಕಿರಿಯ ಮಂತ್ರಿಯಾದ ಮೇಲೂ ಆ ಚಾಳಿ ಬಿಟ್ಟಿರಲಿಲ್ಲ. ಬಿಡುವುದಕ್ಕೆ ಅವನೇನು ಹುಚ್ಚನೇ? ಒಂದೊಂದು ಸಾವಿನಲ್ಲೂ ಮುನ್ನೂರು ಓಟು ಸಾಲಾಗಿ ನಿಂತಿರುತ್ತವೆ. ಮುಂದಿನ ಕುರ್ಚಿಗಳಲ್ಲಿ ಕೂತ ಮನೆಯವರ ಕೈ ಹಿಡಿದು, "ನಿಮ್ಮ ದುಃಖದಲ್ಲಿ ನಾನೂ ಭಾಗಿ" ಅಂದು ಮುಂದೆ ಸಾಗಿದರೆ ಮುಗಿಯಿತು. ಅಲ್ಲಿ ಚಾಚಿದ ಕೈಯನ್ನು ಯಾರೂ ತಳ್ಳುವ ಹಾಗಿಲ್ಲ, ಹೊಲದ ಗಡಿಗಾಗಿ ಬಡಿದಾಡಿದವನ ಕೈಯಾದರೂ ಸರಿ.

ಭಾನುವಾರ ಮಧ್ಯಾಹ್ನ ಡೀಲಿಯಾ ಹ್ಯಾನ್ರಹನ್‌ಳ ತಾಯಿಯ ಹೆಣದ ಮುಂದೆಯೂ ಬಂದ. ಸಾಲಿನಲ್ಲಿ ಅವನು ಒಂದೊಂದೇ ಹೆಜ್ಜೆ ಹತ್ತಿರವಾಗುವುದನ್ನು ನೋಡುತ್ತಾ ಡೀಲಿಯಾಗೆ ಮೈಯೆಲ್ಲ ಉರಿಯುತ್ತಿತ್ತು. ಪಕ್ಕದ ಕುರ್ಚಿಯಲ್ಲಿ ತಮ್ಮ ಮ್ಯಾಲಕಿ. ನಲವತ್ತೊಂದು ವರ್ಷದ ಆಳು, ಬುದ್ಧಿ ಮಾತ್ರ ಚಿಕ್ಕ ಮಗುವಿನದು. ಅವನ ಗಡ್ಡ ಹೆರೆಯುವುದರಿಂದ ಹಿಡಿದು ಬೂಟಿನ ದಾರ ಕಟ್ಟುವವರೆಗೆ ಎಲ್ಲವೂ ಅಮ್ಮನದೇ ಆಗಿತ್ತು. ಡೀಲಿಯಾಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾಳಿ ಕೆಲಸ. ಅವನನ್ನು ಮನೆಯಲ್ಲಿ ಒಂಟಿಯಾಗಿ ಬಿಟ್ಟು ಹೋಗುವಂತಿಲ್ಲ. ಇಂಥವರಿಗೆಂದೇ ಊರಿನಲ್ಲೊಂದು ಆಶ್ರಯಮನೆಯೇನೋ ಇತ್ತು. ವರ್ಷಕ್ಕೆ ನಾಲ್ಕು ಲಕ್ಷ ಯೂರೋ ಹೊಂದಿಸಲಾಗದು ಅಂತ ಸರ್ಕಾರ ಅದರ ಅರ್ಧ ಕೋಣೆಗಳಿಗೆ ಬೀಗ ಜಡಿದಿತ್ತು. ಮ್ಯಾಲಕಿಗೆ ಸಿಕ್ಕಿದ್ದು ತೊಂಬತ್ತು ಮೈಲಿ ದೂರದ ವೃದ್ಧಾಶ್ರಮದಲ್ಲಿ ಒಂದು ಮಂಚ, ಅದೂ ಬರುವ ಗುರುವಾರದಿಂದಲೇ.

ಫಿಂಟನ್ ಎದುರಿಗೆ ಬಂದು ನಿಂತ. ಕಪ್ಪು ಟೈ, ಮುಖದಲ್ಲಿ ಅಳತೆಗೆ ತಕ್ಕಷ್ಟು ದುಃಖ.

"ದೊಡ್ಡ ಜೀವ ಹೋಯ್ತು ಡೀಲಿಯಾ. ನಿನ್ನ ದುಃಖದಲ್ಲಿ ನಾನೂ ಭಾಗಿ."

ಡೀಲಿಯಾ ಅವನ ಕೈ ಹಿಡಿದಳು. ಬಿಡಲಿಲ್ಲ. ಅವನು ಮೆಲ್ಲಗೆ ಎಳೆದು ನೋಡಿದ. ಇಪ್ಪತ್ತು ವರ್ಷ ಅಡುಗೆಯ ಹಂಡೆ ಎತ್ತಿದ ಕೈ, ಜಗ್ಗಲಿಲ್ಲ.

"ಒಂದ್ ಮಾತು ಕೇಳ್ಬೇಕಿತ್ತು ಫಿಂಟನ್. ಆ ಅಮೆರಿಕದ ಮಾತ್ರೆ ಕಂಪನಿ ನಮಗೆ ತೆರಿಗೆ ಬಾಕಿ ಕೊಡ್ಬೇಕು, ವಸೂಲಿ ಮಾಡ್ಕೊಳ್ರಪ್ಪಾ ಅಂತ ಯುರೋಪಿನೋರೇ ಹೇಳಿದ್ರು. ನೀವು ನಮಗ್ ಬೇಡ ಅಂತ ಕೋರ್ಟಿಗೆ ಹೋದ್ರಿ. ಹಂಗೆ ಬೇಡ ಅನ್ನೋಕೆ ಇಲ್ಲೀವರೆಗೆ ವಕೀಲರಿಗೆ ಎಷ್ಟು ಸುರಿದ್ರಿ?"

"ಇದು ಅದಕ್ಕೆಲ್ಲ ಜಾಗ ಅಲ್ಲ."

"ನಿನ್ನ ಆಫೀಸಿಗೆ ಬಂದ್ರೆ ಸಮಯ ಇಲ್ಲ ಅಂದೆ. ಕಾಗದ ಬರೆದ್ರೆ, ವಿಷಯ ಕೋರ್ಟಲ್ಲಿದೆ ಅಂದೆ. ಇವತ್ತು ನಮ್ಮಮ್ಮನ ಮುಂದೆ ಹೇಳು. ಅವಳಂತೂ ಯಾರ ಹತ್ರಾನೂ ಬಾಯಿ ಬಿಡಲ್ಲ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಸಾಲು ನಿಂತುಹೋಗಿತ್ತು. ಬಾಗಿಲಾಚೆ ಮಳೆಯಲ್ಲಿದ್ದವರು ಏನಾಯಿತೆಂದು ಕತ್ತು ಚಾಚಿದರು.

"ಎಂಬತ್ತು ಲಕ್ಷ," ಅಂದ ಫಿಂಟನ್, ಹಲ್ಲು ಕಚ್ಚಿಕೊಂಡು. "ಪೇಪರಲ್ಲೇ ಬಂದಿದೆಯಲ್ಲ."

"ಥೂ ನಿನ್ನ! ಮನೆಗೆ ಮಾರಿ, ಊರಿಗೆ ಉಪಕಾರಿ ಅಂದ್ರೆ ನೀನೇ ಕಣಯ್ಯಾ. ಒಂದು ಬೀಗ ತೆಗೆಯೋಕೆ ಕಾಸಿಲ್ಲ, ಬರೋ ದುಡ್ಡನ್ನ ಒದೆಯೋಕೆ ಕಾಸಿದೆ!"

"ಕೈ ಬಿಡೇ ಡೀಲಿಯಾ," ಅಂತ ಸಾಲಿನಿಂದ ಎದುರುಮನೆಯ ಎಂಡಾ ಕೂಗಿದ. "ನನ್ನ ಇಬ್ರು ಮಕ್ಕಳೂ ಅದೇ ಮಾತ್ರೆ ಕಾರ್ಖಾನೇಲಿರೋದು. ಕಂಪನಿ ಮುನಿಸ್ಕೊಂಡು ಗಂಟುಮೂಟೆ ಕಟ್ಟಿದ್ರೆ ನೀನು ಸಾಕ್ತೀಯಾ?"

"ನಿನ್ನ ಮಕ್ಕಳು ತೆರಿಗೆ ಕಟ್ತಾರಲ್ವೇನೋ? ಅವರ ಧಣಿಗೇನು ರೋಗ? ಉಂಡೂ ಹೋದ, ಕೊಂಡೂ ಹೋದ!" ಹೀಗೆ ಸಿಡಿದವಳು ಫಿಂಟನ್‌ನ ಬೆನ್ನ ಹಿಂದೆಯೇ ನಿಂತಿದ್ದ ಬ್ರೀಜ್. ಎಪ್ಪತ್ತೆರಡರ ವಿಧವೆ. ಅವಳ ಮಗ ಕೋಲ್ಮನ್‌ನದೂ ಮ್ಯಾಲಕಿಯದೇ ಪಾಡು. ಆಶ್ರಯಮನೆಯ ಪಟ್ಟಿಯಲ್ಲಿ ಆರು ವರ್ಷ ಕಾದು ಈಗ ಮೊದಲನೆಯ ಹೆಸರಾಗಿದ್ದ. "ಬಿಡ್ಬೇಡ ಡೀಲಿಯಾ! ನಮ್ಮೆಲ್ಲರ ಪರವಾಗಿ ಕೇಳು. ಅಷ್ಟೂ ಕೋಣೆ ತೆಗಿಸ್ತೀನಿ ಅಂತ ಹೇಳಿಸು ಅವನ ಬಾಯಲ್ಲಿ."

ಗದ್ದಲವೆದ್ದಿತು. ಪಾದ್ರಿಗಳು ಎರಡು ಸಲ ಕೆಮ್ಮಿದರು, ಯಾರೂ ಕೇಳಿಸಿಕೊಳ್ಳಲಿಲ್ಲ. ಒಬ್ಬಾತ ಫೋನ್ ಎತ್ತಿ ಹಿಡಿದ. ಅದನ್ನು ಕಂಡದ್ದೇ ಫಿಂಟನ್ ಸಾಂತ್ವನ ಹೇಳುವವನಂತೆ ಬಗ್ಗಿ, ಅವಳ ಕಿವಿಯ ಹತ್ತಿರ ಬಾಯಿ ತಂದ.

"ಕೇಳಿಲ್ಲಿ. ಆಶ್ರಯಮನೇಲಿ ಮೊನ್ನೆ ಒಬ್ಬ ತೀರ್ಕೊಂಡ. ಕೋಣೆ ಖಾಲಿ ಇದೆ, ಒಂದೇ. ನಾಳೆ ನಾನೊಂದು ಫೋನ್ ಮಾಡಿದ್ರೆ ಮ್ಯಾಲಕಿಗೆ ಆಗುತ್ತೆ. ಇನ್ನೊಂದ್ ಮಾತು ಎತ್ತಿದ್ಯೋ, ಗುರುವಾರಕ್ಕೆ ಅವನ ಬಟ್ಟೆಬರೆ ಕಟ್ಟಿಡು."

ಡೀಲಿಯಾ ಅವನ ಹೆಗಲಾಚೆ ಬ್ರೀಜ್‌ಳತ್ತ ನೋಡಿದಳು. "ಪಟ್ಟೀಲಿ ಬೇರೆಯೋರಿದಾರೆ."

"ಪಟ್ಟಿ ನಾನು ನೋಡ್ಕೋತೀನಿ. ಬೇಕೋ, ಬೇಡ್ವೋ?"

ಹಾಳಾದವನು! ಅಲ್ಲೇ ಅವನ ಮುಖಕ್ಕೆ ಉಗಿಯಬೇಕು ಅನ್ನಿಸಿತು. ಉಗಿದರೆ ಅರ್ಧ ಊರು ಮೆಚ್ಚೀತು. ಆದರೆ ಗುರುವಾರ ಮ್ಯಾಲಕಿ ಗುರುತುಪರಿಚಯವಿಲ್ಲದ ಮುದುಕರ ನಡುವೆ ಕೂತು, ಬಾಗಿಲು ನೋಡುತ್ತಾ ಅಕ್ಕಾ ಅಕ್ಕಾ ಅನ್ನುತ್ತಾನೆ. ಗದ್ದಲಕ್ಕೆ ಬೆದರಿದ ತಮ್ಮ ಆಗಲೇ ಅವಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ.

ಕೈ ಬಿಟ್ಟಳು.

"ಬಂದಿದ್ದು ಉಪಕಾರ ಆಯ್ತು ಫಿಂಟನ್," ಅಂದಳು, ಎಲ್ಲರಿಗೂ ಕೇಳುವ ಹಾಗೆ.

ಅವನು ಮ್ಯಾಲಕಿಯ ಬೆನ್ನು ತಟ್ಟಿ, ಕೋಟು ಸರಿಮಾಡಿಕೊಂಡು ಹೊರಟುಹೋದ. ಮುಂದಿನ ಸರದಿ ಬ್ರೀಜ್‌ಳದು. ಮುದುಕಿಯ ಕಣ್ಣು ತುಂಬಿ ಬಂದಿತ್ತು.

"ನಿನ್ನ ಹೊಟ್ಟೆ ತಣ್ಣಗಿರ್ಲಿ ತಾಯಿ. ಕಿವೀಲಿ ಅದೇನೋ ಹೇಳಿದ್ನಲ್ಲ, ಒಪ್ಕೊಂಡ್ನಾ? ಕೋಣೆ ತೆಗಿತಾರಂತಾ?"

ಡೀಲಿಯಾ ನೆಲ ನೋಡಿದಳು. "ಹೂಂ," ಅಂದಳು.

"ನಮ್ಮ ಕೋಲ್ಮನ್‌ಗೂ?"

"ಹೂಂ."

ಬ್ರೀಜ್ ಹಿಂದಕ್ಕೆ ತಿರುಗಿ, ಸಾವಿನ ಮನೆ ಅನ್ನುವುದನ್ನೂ ಮರೆತು ಕೂಗಿದಳು: "ಕೋಲ್ಮನ್, ಬಾರೋ ಇಲ್ಲಿ! ನಿನಗೆ ಕೋಣೆ ಕೊಡಿಸಿದಾಳೆ, ಬಂದು ಅಕ್ಕನಿಗೊಂದು ಮುತ್ತು ಕೊಡು."

ಕೋಲ್ಮನ್ ಜನರನ್ನು ಸರಿಸಿಕೊಂಡು, ಬಾಯ್ತುಂಬ ನಗುತ್ತಾ ಬಂದ.