ಹಿಂಬದಿಯ ಮೂರು ಅಂಕಿ

ಅಂಗಡಿಯಲ್ಲಿದ್ದ ಗೊಬ್ಬರದ ಡಬ್ಬಿಯ ಮೇಲೆ ಕೆಂಪಗೆ ಮಿಂಚುವ ಟೊಮೇಟೊ ಚಿತ್ರ. ಮಾತ್ರೆಯಮ್ಮ ಅದನ್ನು ನೋಡುವ ಗೋಜಿಗೇ ಹೋಗಲಿಲ್ಲ. ಡಬ್ಬಿ ತಿರುಗಿಸಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಹಿಂಬದಿಯ ಇರುವೆಸಾಲಿನಂಥ ಅಕ್ಷರಗಳನ್ನು ಓದತೊಡಗಿದರು.

"ತಗೊಂಬಿಡೋಣ ಅತ್ತೆ, ಎಲ್ಲರೂ ಇದೇ ಗೊಬ್ಬರ ಹಾಕ್ತಾರಂತೆ," ಸೊಸೆ ಅವಸರಪಡಿಸಿದಳು.

ಮೂವತ್ತೆರಡು ವರ್ಷ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ನಿಂತವರು ಅವರು. ಮಾತ್ರೆಯಮ್ಮ ಎಂಬ ಹೆಸರು ಅಂಟಿಕೊಂಡದ್ದೂ ಅಲ್ಲೇ. ನಿವೃತ್ತರಾದ ಮೇಲೆ ಮನೆಯವರು ಅಂಗೈಯಲ್ಲಿಟ್ಟು ನೋಡಿಕೊಂಡರು ನಿಜ, ಆದರೆ ಯಾವುದಕ್ಕೂ ಅವರನ್ನೊಂದು ಮಾತು ಕೇಳುತ್ತಿರಲಿಲ್ಲ. "ನೀವು ಸುಮ್ನೆ ಕೂತ್ಕೊಳ್ಳಿ" ಎಂದು ಕೇಳಿ ಕೇಳಿ ಸಾಕಾಗಿಯೇ ಅವರು ಮಹಡಿಯ ಮೇಲೆ ಹಳೆಯ ಪೇಂಟ್ ಬಕೆಟ್ಟುಗಳಲ್ಲಿ ಟೊಮೇಟೊ, ದಪ್ಪ ಮೆಣಸಿನಕಾಯಿ ಹಾಕಿದ್ದು. ಗಿಡಗಳೇನೋ ಸೊಂಪಾಗಿ ಬೆಳೆದವು; ಎಲೆಯೋ ಎಲೆ. ಹೂವು ಮಾತ್ರ ಕಾಯಿ ಕಚ್ಚುವ ಮೊದಲೇ ಉದುರುತ್ತಿತ್ತು.

"ಆ ಮೂಲೇಲಿರೋ ಮೂಟೆ ಏನಪ್ಪಾ?" ಮಾತ್ರೆಯಮ್ಮ ಅಂಗಡಿಯವನನ್ನು ಕೇಳಿದರು.

"ಅದು ಹೊಲದವರದ್ದು ಅಮ್ಮಾ, ಬಿಡಿಯಾಗಿ ತೂಗಿ ಕೊಡ್ತೀವಿ," ಎಂದ ಅಂಗಡಿಯವನು. "ನಿಮ್ಮಂಥೋರಿಗೆ ಡಬ್ಬೀನೇ ಸರಿ."

ಅವರು ಬಗ್ಗಿ ಮೂಟೆಯ ಮೇಲಿನ ಅಂಕಿ ನೋಡಿದರು. ಐದು, ಹತ್ತು, ಹತ್ತು. ಡಬ್ಬಿಯ ಹಿಂದೆಯೂ ಅದೇ. ಬೆಲೆಯಲ್ಲಿ ಮಾತ್ರ ಅಜಗಜಾಂತರ.

"ಹೆಸರು ಬೇರೆ, ಮದ್ದು ಒಂದೇ ಕಣಪ್ಪಾ. ಮೊದಲನೇ ಅಂಕಿ ಎಲೆಗೆ, ಅದು ಕಮ್ಮಿ ಇರ್ಬೇಕು. ನಡುವಿಂದು ಬೇರಿಗೆ, ಹೂವಿಗೆ. ಕೊನೇದು ಕಾಯಿಗೆ. ಗಿಡಕ್ಕೇನು ಡಬ್ಬಿ ಮೇಲಿನ ಚಿತ್ರ ಕಾಣುತ್ತಾ? ಮೂಟೆಯದ್ದೇ ಒಂದು ಕೆಜಿ ಕಟ್ಟು."

ಅಂಗಡಿಯವನು ತಲೆ ಕೆರೆದುಕೊಂಡು ನಕ್ಕ. ಹಿಂದೆ ನಿಂತಿದ್ದ, ಪಕ್ಕದ ಕಟ್ಟಡದ ವಾಚ್‌ಮನ್ ತನ್ನ ಕೈಯಲ್ಲಿದ್ದ ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟ.

"ಅಮ್ಮಾ, ನಂಗೂ ಅದೇ ಸಾಕಾ? ನಾಲ್ಕು ಮೆಣಸಿನ ಗಿಡ ಇದೆ."

ಮಾತ್ರೆಯಮ್ಮನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಅಂಗಡಿಯವನ ಪೆನ್ನು ಇಸಿದುಕೊಂಡು, ವಾಚ್‌ಮನ್‌ಗೆ ಕಟ್ಟಿದ ಪೊಟ್ಟಣದ ಮೇಲೆ ದುಂಡಗೆ ಬರೆದರು: ಗಿಡಕ್ಕೆ ಒಂದು ಚಮಚ. ಕಾಂಡಕ್ಕೆ ತಾಗಬಾರದು. ಮೇಲೆ ನೀರು. ತಿಂಗಳಿಗೊಮ್ಮೆ.

"ಬೇಗ ಕಾಯಿ ಬಿಡ್ಲಿ ಅಂತ ಎರಡು ಚಮಚ ಹಾಕ್ಬೇಡಿ, ಆಯ್ತಾ?"

"ಆಯ್ತಮ್ಮಾ," ಅವನು ವಿಧೇಯನಾಗಿ ತಲೆಯಾಡಿಸಿದ. ಅತ್ತೆಯನ್ನು ಕೌಂಟರಿನಲ್ಲಿ ಒಮ್ಮೆಯೂ ನೋಡಿರದ ಸೊಸೆ ಬಿಟ್ಟ ಕಣ್ಣು ಬಿಟ್ಟಂತೆ ನಿಂತಿದ್ದಳು.

ತಿಂಗಳು ಕಳೆದು ಎರಡನೆಯ ಸಲ ಗೊಬ್ಬರ ಹಾಕುವ ಹೊತ್ತಿಗೆ ಮಹಡಿಯ ಗಿಡಗಳಲ್ಲಿ ಹೂವು ಉದುರುವುದು ನಿಂತಿತು. ಆಮೇಲೆ ಕಾಯಿ. ಟೊಮೇಟೊ ಗೊಂಚಲಿನ ಭಾರಕ್ಕೆ ಕೊಂಬೆ ಬಾಗಿ ನೆಲ ಮುಟ್ಟುವ ಹಾಗಾಯಿತು. ಒಂದು ಸಂಜೆ ಮಾತ್ರೆಯಮ್ಮ ಅದನ್ನು ಕೋಲಿಗೆ ಬಟ್ಟೆಚೂರಿನಿಂದ ಕಟ್ಟುತ್ತಿದ್ದಾಗ, ಮೆಟ್ಟಿಲ ಬಳಿ ಸೊಸೆ ತವರಿಗೆ ಫೋನು ಮಾಡುತ್ತಿರುವುದು ಕೇಳಿಸಿತು.

"ನಿನ್ನ ಗಿಡಕ್ಕೆ ಈಗ್ಲೇ ಯಾವ ಗೊಬ್ಬರಾನೂ ತರ್ಬೇಡ ಅಮ್ಮಾ, ಸ್ವಲ್ಪ ತಡ್ಕೋ. ನಮ್ಮತ್ತೇನ ಕೇಳಿ ಹೇಳ್ತೀನಿ. ಅವರಿಗೆ ಗೊತ್ತಿರೋಷ್ಟು ಅಂಗಡಿಯವನಿಗೂ ಗೊತ್ತಿಲ್ಲ. ನಿಜವಾಗ್ಲೂ! ನಾನೇ ಕಣ್ಣಾರೆ ನೋಡಿದ್ದು..."

ಗಂಟು ಬಿದ್ದಾಗಿತ್ತು. ಮಾತ್ರೆಯಮ್ಮ ಮೆಟ್ಟಿಲ ಕಡೆಗೇ ಕಿವಿಯಿಟ್ಟು, ಸದ್ದಾಗದಂತೆ ಅದನ್ನು ಬಿಚ್ಚಿ, ಬಟ್ಟೆಯನ್ನು ನೀವಿ, ನಿಧಾನವಾಗಿ ಮತ್ತೆ ಕಟ್ಟತೊಡಗಿದರು.