ಥಾನಿಗೆ ಮೊದಲು ತುಂಡು

“ಬಟ್ಟಲಲ್ಲಿದ್ದ ಗಡ್ಡೆ ಐದನೇ ಔಷಧಿಗೆ ಜಗ್ಗಿತಮ್ಮ,” ಎಂದು ಡಾಕ್ಟರಮ್ಮ ತಲೆ ತಗ್ಗಿಸಿದರು.

ಎದುರಿಗೆ ಬಣ್ಣಗಾರನ ಹೆಂಡತಿ ಕೂತಿದ್ದಳು. ಗಂಡ ತೀರಿಕೊಂಡು ಹದಿನೇಳು ದಿನವಾಗಿತ್ತು.

ಮೂವತ್ತು ವರ್ಷ ಹಬೆಯಾಡುವ ಹಂಡೆಗಳ ಮುಂದೆ ನಿಂತು ಬಟ್ಟೆಗೆ ಬಣ್ಣ ಹಾಕಿದ ಮನುಷ್ಯ. ಮೂತ್ರಕೋಶದಲ್ಲಿ ಕ್ಯಾನ್ಸರ್ ಕಂಡಾಗ, ಹಳೆಯ ಬಣ್ಣಗಳ ವಿಷವೇ ಕಾರಣವಿದ್ದೀತು ಎಂದು ಆಸ್ಪತ್ರೆಯವರು ಹೇಳಿದ್ದರು. ಮಾಮೂಲಿ ಔಷಧಿ ನಾಟಲಿಲ್ಲ. ಆಗ ಈ ಡಾಕ್ಟರಮ್ಮ ಗಡ್ಡೆಯ ಚೂರುಗಳನ್ನು ಬಟ್ಟಲುಗಳಲ್ಲಿ ಬೆಳೆಸಿ, ಒಂದೊಂದಕ್ಕೆ ಒಂದೊಂದು ಔಷಧಿ ಹಾಕಿ ನೋಡುತ್ತೇನೆ ಎಂದರು. ಹೆಂಡತಿಗೆ ತಲೆಬುಡ ತಿಳಿಯಲಿಲ್ಲ. ಅವನಿಗೆ ತಟ್ಟನೆ ಹೊಳೆಯಿತು.

“ನಾನು ಮಾಡೋದೂ ಅದೇ ಅಲ್ವೇನೆ? ಇಡೀ ಬಟ್ಟೆ ಥಾನು ಹಂಡೆಗಿಳಿಸೋ ಮುಂಚೆ ಒಂದು ತುಂಡು ಅದ್ದಿ ನೋಡ್ತೀನಿ. ಈಗ ನಾನೇ ಥಾನು,” ಎಂದು ನಕ್ಕಿದ್ದ.

ತುಂಡು ಬೆಳೆಯಲು ಏಳು ವಾರ ಹಿಡಿಯಿತು. ಥಾನು ಅಷ್ಟು ದಿನ ತಾಳಲಿಲ್ಲ.

ಈಗ ಅವಳ ರುಜು ಬೇಕಿತ್ತು. ಔಷಧಿ ಸೋಕದ ಒಂದು ಬಟ್ಟಲು ಇನ್ನೂ ಉಳಿದಿತ್ತು. ಅದನ್ನು ಇಟ್ಟುಕೊಂಡರೆ, ಇದೇ ಗುಣದ ಗಡ್ಡೆಯವರು ಬಂದಾಗ ಯಾವ ಔಷಧಿಯಿಂದ ಶುರುಮಾಡಬೇಕೆಂದು ಬೇಗ ತಿಳಿದೀತು. ಬೇಡವೆಂದರೆ ಇವತ್ತೇ ಸುಟ್ಟುಬಿಡುತ್ತಾರೆ. ನಿರ್ಧಾರ ನಿನ್ನದೇ ಎಂದು ಅವನು ಬರೆದಿಟ್ಟು ಹೋಗಿದ್ದ.

ಸುಡಿ ಎನ್ನಲೆಂದೇ ಬಂದವಳು ಅವಳು. ಗಂಡನನ್ನು ನುಂಗಿ ನೀರು ಕುಡಿದದ್ದು ಇಲ್ಲಿ ಬೆಚ್ಚಗೆ ಬದುಕಿರುವುದನ್ನು ಅವಳು ಸಹಿಸಲಾರದಾಗಿದ್ದಳು.

“ಬೇಗ ಗೊತ್ತಾಗಿದ್ರೆ ಉಳೀತಿದ್ರಾ?”

“ಹೇಳಕ್ಕಾಗಲ್ಲಮ್ಮ. ಬಟ್ಟಲಲ್ಲಿ ಆಗಿದ್ದು ಮೈಯಲ್ಲೂ ಆಗ್ತಿತ್ತು ಅಂತ ಸುಳ್ಳು ಹೇಳಲಾರೆ.”

ಅವಳ ಬಿಗಿ ಅಲ್ಲಿ ಸ್ವಲ್ಪ ಸಡಿಲಾಯಿತು. ಅವನೂ ಹಾಗೇ. ಗಿರಾಕಿ ಎಷ್ಟೇ ಪೀಡಿಸಲಿ, ತುಂಡು ನೋಡಿ ಥಾನೂ ಹಾಗೇ ಬರುತ್ತೆಂದು ಮಾತು ಕೊಟ್ಟವನಲ್ಲ. ಕೆಟ್ಟ ತುಂಡುಗಳನ್ನೂ ಎಸೆಯದೆ ಪುಸ್ತಕಕ್ಕೆ ಅಂಟಿಸಿ, ಏನು ಹಾಕಿದೆ, ಯಾಕೆ ಕೆಟ್ಟಿತು ಎಂದು ಕೆಳಗೆ ಬರೆದಿಡುತ್ತಿದ್ದ. ಕಸ ಕೂಡಿಡ್ತೀರಿ ಎಂದು ಅವಳು ರೇಗಿದರೆ, ಮುಂದೆ ಯಾರದೋ ಪೂರಾ ಥಾನು ಉಳಿಯುತ್ತೆ ಕಣೆ ಎನ್ನುತ್ತಿದ್ದ.

ಅವಳು ಪೆನ್ನು ತೆಗೆದುಕೊಂಡು, ಬಟ್ಟಲು ಇಟ್ಟುಕೊಳ್ಳಿ ಎಂದು ರುಜು ಹಾಕಿದಳು.

“ಕೆಲಸಕ್ಕೆ ಬಾರದ ಆ ನಾಲ್ಕು ಔಷಧೀನೂ ಬರೆದಿಡಿ ಡಾಕ್ಟರಮ್ಮ. ಅವರಾಗಿದ್ರೆ ಬರೀತಿದ್ರು.”

“ಬರೆದಿದ್ದೀನಮ್ಮ.”

ಡಾಕ್ಟರಮ್ಮ ಬಟ್ಟಲನ್ನು ಬೆಚ್ಚನೆಯ ಪೆಟ್ಟಿಗೆಯೊಳಗಿಟ್ಟು ಬಾಗಿಲು ಹಾಕಿದರು. ಹೊರಟವಳು ಅದರೆದುರು ನಿಂತು, ಹಂಡೆಯ ಬಿಸಿ ನೋಡುವವಳಂತೆ, ಕೈ ಮಗುಚಿ ಅದರ ಹಿಂಬದಿಯನ್ನು ಬಾಗಿಲಿಗೆ ಒತ್ತಿ ಹಿಡಿದಳು.